ಎರಡು ಉತ್ತರಗಳಿಗೆ ನಂಟು ಇದೆಯೇ? ಮುಂಬೈ ಮನೆಗಳ ಲೆಕ್ಕ ಇಟ್ಟುಕೊಂಡು ಕೈ ಸ್ಕ್ವೇರ್ ಪರೀಕ್ಷೆ

ಮುಂಬೈಯ ಒಂದು ಕನ್ನಡ ಸಂಘ ತನ್ನ ಸದಸ್ಯರ ಮನೆಗಳ ಸಮೀಕ್ಷೆ ಮಾಡಿದೆ ಎಂದುಕೊಳ್ಳಿ. ಪ್ರಶ್ನೆಗಳು ಸರಳ. ನಿಮ್ಮ ಮನೆ ಲೋಕಲ್ ಟ್ರೇನಿನ ಯಾವ ಲೈನಿನಲ್ಲಿದೆ, ಸೆಂಟ್ರಲ್ಲೋ ವೆಸ್ಟರ್ನೋ? ಮನೆಯ ಮಕ್ಕಳಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ? ಮುನ್ನೂರು ಮನೆಗಳಿಂದ ಉತ್ತರ ಬಂತು. ಸೆಂಟ್ರಲ್ ಲೈನಿನ ಮನೆಗಳಲ್ಲಿ ಶೇ. 47ರಷ್ಟು ಕಡೆ ಮಕ್ಕಳು ಕನ್ನಡ ಓದುತ್ತಾರೆ. ವೆಸ್ಟರ್ನ್ ಲೈನಿನಲ್ಲಿ ಶೇ. 30 ಮಾತ್ರ.

ಸಮಿತಿಯ ಸಭೆಯಲ್ಲಿ ಈ ಎರಡು ಸಂಖ್ಯೆ ಓದಿದರೆ ಸಾಕು, ಎರಡು ಪಕ್ಷ ಆಗುತ್ತದೆ. 'ವೆಸ್ಟರ್ನ್ ಕಡೆ ಕನ್ನಡ ಹೋಗಿಯೇ ಬಿಟ್ಟಿದೆ, ಬೊರಿವಲಿಯಲ್ಲಿ ಕೂಡಲೇ ಕ್ಲಾಸ್ ಶುರು ಮಾಡೋಣ' ಎಂದು ಒಬ್ಬರು. 'ಮುನ್ನೂರು ಮನೆ ಕೇಳಿ ಏನು ಗೊತ್ತಾಗುತ್ತದೆ? ಬೇರೆ ಮುನ್ನೂರು ಮನೆ ಕೇಳಿದ್ದರೆ ಉಲ್ಟಾ ಬರುತ್ತಿತ್ತು' ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಲೆಕ್ಕ ಹಾಕಿ ಮಾತಾಡುತ್ತಿಲ್ಲ. ಈ ಜಗಳವನ್ನು ಬಗೆಹರಿಸಲು ನೂರಿಪ್ಪತ್ತು ವರ್ಷಕ್ಕೂ ಹಳೆಯದಾದ ಒಂದು ಲೆಕ್ಕ ಇದೆ. ಅದೇ ಕೈ ಸ್ಕ್ವೇರ್ ಪರೀಕ್ಷೆ. ಕನ್ನಡ ಪಠ್ಯಗಳಲ್ಲಿ ಕೈ-ವರ್ಗ ಪರೀಕ್ಷೆ ಎಂದೂ ಇರುತ್ತದೆ.

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವ ಸಮೀಕ್ಷೆಯ ಅಂಕಿಗಳು ಲೆಕ್ಕ ತೋರಿಸಲಿಕ್ಕೆ ನಾನೇ ಕಟ್ಟಿಕೊಂಡವು. ಮುಂಬೈಯ ಯಾವ ಲೈನಿನಲ್ಲಿ ಎಷ್ಟು ಮಕ್ಕಳು ನಿಜವಾಗಿ ಕನ್ನಡ ಓದುತ್ತಾರೆ ಎಂಬುದಕ್ಕೆ ಇವನ್ನು ಯಾರೂ ಸಾಕ್ಷಿ ಮಾಡಿಕೊಳ್ಳಬಾರದು.

ಸರಾಸರಿ ತೆಗೆಯಲಾಗದ ಉತ್ತರಗಳು

ವಯಸ್ಸು, ಸಂಬಳ, ಲೋಕಲ್ ಟ್ರೇನಿನಲ್ಲಿ ಕಳೆಯುವ ನಿಮಿಷಗಳು ಇವೆಲ್ಲ ಸಂಖ್ಯೆಗಳು. ಕೂಡಿಸಬಹುದು, ಭಾಗಿಸಬಹುದು. ಆದರೆ 'ಸೆಂಟ್ರಲ್' ಮತ್ತು 'ವೆಸ್ಟರ್ನ್' ಎಂಬ ಉತ್ತರಗಳ ಸರಾಸರಿ ಎಷ್ಟು? ತುಳು, ಕನ್ನಡ, ಕೊಂಕಣಿ ಎಂಬ ಮನೆಮಾತುಗಳ ಸರಾಸರಿ ಎಷ್ಟು? ಪ್ರಶ್ನೆಗೇ ಅರ್ಥವಿಲ್ಲ. ಇಂಥ ಉತ್ತರಗಳನ್ನು ಗುಂಪುಗಳಾಗಿ ಎಣಿಸಬಹುದು, ಅಷ್ಟೇ. ಸಮೀಕ್ಷೆಗಳಲ್ಲಿ ಬರುವ ಹೆಚ್ಚಿನ ಪ್ರಶ್ನೆಗಳು ಈ ಜಾತಿಯವೇ: ಗಂಡು-ಹೆಣ್ಣು, ಹೌದು-ಇಲ್ಲ, ಸ್ವಂತ ಮನೆ-ಬಾಡಿಗೆ ಮನೆ, ಯಾವ ಮಾಧ್ಯಮದ ಶಾಲೆ.

ಅಂಥ ಎರಡು ಪ್ರಶ್ನೆಗಳನ್ನು ಒಟ್ಟಿಗೆ ನೋಡಬೇಕಾದರೆ ಒಂದು ಕೋಷ್ಟಕ ಹಾಕುತ್ತೇವೆ. ಒಂದು ಪ್ರಶ್ನೆ ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ನಮ್ಮ ಸಂಘದ ಕೋಷ್ಟಕ ಹೀಗಿದೆ:

| | ಓದುತ್ತಾರೆ | ಓದುವುದಿಲ್ಲ | ಒಟ್ಟು |
|---|---|---|---|
| ಸೆಂಟ್ರಲ್ | 84 | 96 | 180 |
| ವೆಸ್ಟರ್ನ್ | 36 | 84 | 120 |
| ಒಟ್ಟು | 120 | 180 | 300 |

ಕೋಷ್ಟಕದಲ್ಲಿ ಮನೆಗಳ ಎಣಿಕೆಯೇ ಇದೆ, ಶೇಕಡಾ ಇಲ್ಲ ಎಂಬುದನ್ನು ಗಮನಿಸಿ. ಈ ಲೆಕ್ಕಕ್ಕೆ ಶೇಕಡಾ ತುಂಬಿದರೆ ಉತ್ತರ ತಪ್ಪುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಂಟು ಇಲ್ಲದಿದ್ದರೆ ಏನು ಕಾಣಬೇಕಿತ್ತು?

ಪರೀಕ್ಷೆಯ ಜೀವಾಳ ಈ ಒಂದು ಪ್ರಶ್ನೆಯಲ್ಲಿದೆ. ಇದು ಅರ್ಥವಾದರೆ ಉಳಿದದ್ದು ಕೂಡುವ ಕಳೆಯುವ ಕೆಲಸ.

ಮನೆ ಯಾವ ಲೈನಿನಲ್ಲಿದೆ ಎಂಬುದಕ್ಕೂ ಮಕ್ಕಳು ಕನ್ನಡ ಓದುವುದಕ್ಕೂ ಸಂಬಂಧವೇ ಇಲ್ಲ ಎಂದು ಸ್ವಲ್ಪ ಹೊತ್ತು ಒಪ್ಪಿಕೊಳ್ಳೋಣ. ಒಟ್ಟು 300 ಮನೆಗಳಲ್ಲಿ 120 ಮನೆಗಳ ಮಕ್ಕಳು ಓದುತ್ತಾರೆ, ಅಂದರೆ ಶೇ. 40. ಲೈನಿಗೂ ಇದಕ್ಕೂ ಸಂಬಂಧ ಇಲ್ಲದಿದ್ದರೆ ಸೆಂಟ್ರಲ್‌ನಲ್ಲೂ ಶೇ. 40 ಇರಬೇಕು, ವೆಸ್ಟರ್ನ್‌ನಲ್ಲೂ ಶೇ. 40 ಇರಬೇಕು. ಅಲ್ವಾ? ಸೆಂಟ್ರಲ್‌ನ 180ರಲ್ಲಿ ಶೇ. 40 ಎಂದರೆ 72. ವೆಸ್ಟರ್ನ್‌ನ 120ರಲ್ಲಿ 48. ಓದದವರ ಲೆಕ್ಕವೂ ಹಾಗೇ ಬರುತ್ತದೆ: 108 ಮತ್ತು 72.

ಇವು ನಿರೀಕ್ಷಿತ ಸಂಖ್ಯೆಗಳು. ಸೂತ್ರವಾಗಿ ಬೇಕೆಂದರೆ, ಕೋಷ್ಟಕದ ಆ ಚೌಕದ ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ, ಒಟ್ಟು ಮೊತ್ತದಿಂದ ಭಾಗಿಸಿ. 180ನ್ನು 120ರಿಂದ ಗುಣಿಸಿ 300ರಿಂದ ಭಾಗಿಸಿದರೆ 72.

ಈಗ ಹೋಲಿಸಿ ನೋಡಿ. ಸೆಂಟ್ರಲ್‌ನಲ್ಲಿ ಓದುವವರು 72 ಇರಬೇಕಿತ್ತು, 84 ಕಂಡರು. ವೆಸ್ಟರ್ನ್‌ನಲ್ಲಿ 48 ಇರಬೇಕಿತ್ತು, 36 ಕಂಡರು. ನಾಲ್ಕೂ ಚೌಕಗಳಲ್ಲಿ 12ರ ವ್ಯತ್ಯಾಸ ಇದೆ, ಎರಡು ಕಡೆ ಜಾಸ್ತಿ, ಎರಡು ಕಡೆ ಕಡಿಮೆ. ಹಾಗೇ ಕೂಡಿಸಿದರೆ ಸೊನ್ನೆ ಆಗುತ್ತದೆ. ಅದಕ್ಕೇ ಪ್ರತಿ ವ್ಯತ್ಯಾಸವನ್ನೂ ವರ್ಗ ಮಾಡುತ್ತೇವೆ. ಹನ್ನೆರಡರ ವರ್ಗ 144.

ಆದರೆ 12ರ ವ್ಯತ್ಯಾಸ ಎಲ್ಲ ಕಡೆ ಒಂದೇ ತೂಕದ್ದಲ್ಲ. 48 ನಿರೀಕ್ಷೆ ಮಾಡಿದ ಕಡೆ 12 ಕಡಿಮೆ ಬಂದರೆ ದೊಡ್ಡ ವಿಷಯ. 4,800 ನಿರೀಕ್ಷೆ ಮಾಡಿದ ಕಡೆ 12 ಕಡಿಮೆ ಬಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಣಿಕೆ ದೊಡ್ಡದಾದಷ್ಟೂ ಅದು ತಾನಾಗಿಯೇ ಅತ್ತಿತ್ತ ಅಲುಗಾಡುವುದೂ ಜಾಸ್ತಿ. ಆದ್ದರಿಂದ ಪ್ರತಿ ವರ್ಗವನ್ನೂ ಆಯಾ ಚೌಕದ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸುತ್ತೇವೆ. 144ನ್ನು 72ರಿಂದ ಭಾಗಿಸಿದರೆ 2. 108ರಿಂದ ಭಾಗಿಸಿದರೆ 1.33. 48ರಿಂದ 3. ಮತ್ತೆ 72ರಿಂದ 2. ಕೂಡಿಸಿದರೆ 8.33.

ಇದೇ ಕೈ ಸ್ಕ್ವೇರ್. ಕಂಡದ್ದು ಮತ್ತು ಸಂಬಂಧ ಇಲ್ಲದಿದ್ದರೆ ಕಾಣಬೇಕಾಗಿದ್ದದ್ದು, ಇವೆರಡರ ನಡುವಿನ ಒಟ್ಟು ದೂರ ಅದು. ಎರಡೂ ಸರಿಯಾಗಿ ಹೊಂದಿಕೊಂಡರೆ ಸೊನ್ನೆ. ದೂರ ಹೆಚ್ಚಿದಷ್ಟೂ ಸಂಖ್ಯೆ ದೊಡ್ಡದು.

8.33 ದೊಡ್ಡದೋ ಚಿಕ್ಕದೋ?

ಇಲ್ಲಿಗೆ ಬಂದಾಗ ಪುಸ್ತಕಗಳು ಒಂದು ದೊಡ್ಡ ಪಟ್ಟಿ ತೋರಿಸಿ ಮುಂದೆ ಹೋಗುತ್ತವೆ. ಓದುವವರಿಗೆ ಅದು ಮಂತ್ರದ ಹಾಗೆ ಅನ್ನಿಸುತ್ತದೆ. ಪಟ್ಟಿ ಇಲ್ಲದೆಯೂ ಇದನ್ನು ಅರ್ಥ ಮಾಡಿಕೊಳ್ಳಬಹುದು. ನನಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ.

ಮುನ್ನೂರು ಚೀಟಿ ಮಾಡಿ. 120 ಚೀಟಿಗಳ ಮೇಲೆ 'ಓದುತ್ತಾರೆ' ಎಂದೂ 180ರ ಮೇಲೆ 'ಓದುವುದಿಲ್ಲ' ಎಂದೂ ಬರೆಯಿರಿ. ದೊಡ್ಡ ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ 180 ಚೀಟಿ ತೆಗೆದು ಸೆಂಟ್ರಲ್ ಎಂದು ಒಂದು ಕಡೆ ಇಡಿ. ಉಳಿದ 120 ವೆಸ್ಟರ್ನ್. ಈ ಹಂಚಿಕೆಯಲ್ಲಿ ಲೈನಿಗೂ ಓದಿಗೂ ಸಂಬಂಧ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಚೀಟಿ ತೆಗೆದವರು ನೋಡಿಯೇ ಇಲ್ಲ. ಸೆಂಟ್ರಲ್ ಕಡೆ 'ಓದುತ್ತಾರೆ' ಚೀಟಿ ಎಷ್ಟು ಬಂತು ಎಣಿಸಿ. 72ರ ಆಸುಪಾಸು ಬರುತ್ತದೆ. ಸರಿಯಾಗಿ 72 ಬರಬೇಕೆಂದಿಲ್ಲ. 70 ಬರಬಹುದು, 75 ಬರಬಹುದು. ಮತ್ತೆ ಕಲಸಿ, ಮತ್ತೆ ತೆಗೆಯಿರಿ. ಹೀಗೆ ಸಾವಿರ ಸಲ.

ಕೈಯಲ್ಲಿ ಮಾಡುವುದು ಕಷ್ಟ, ಕಂಪ್ಯೂಟರಿಗೆ ಕ್ಷಣದ ಕೆಲಸ. ಹತ್ತರಲ್ಲಿ ಸುಮಾರು ಏಳು ಸಲ ಎಣಿಕೆ 68ರಿಂದ 76ರ ಒಳಗೇ ಇರುತ್ತದೆ. ನಮ್ಮ ಸಮೀಕ್ಷೆಯಲ್ಲಿ ಕಂಡ ಹಾಗೆ 12 ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ, ಮೇಲಕ್ಕಾಗಲಿ ಕೆಳಕ್ಕಾಗಲಿ, ಬರುವುದು ಸಾವಿರಕ್ಕೆ ಐದಾರು ಸಲ ಮಾತ್ರ.

ಪಿ ವ್ಯಾಲ್ಯೂ ಎಂದರೆ ಇಷ್ಟೇ. ಸಂಬಂಧವೇ ಇಲ್ಲದಿದ್ದರೂ, ಬರೀ ಆಕಸ್ಮಿಕವಾಗಿ, ಇಷ್ಟು ದೊಡ್ಡ ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಎಷ್ಟು ಸಲ ಕಾಣಿಸೀತು ಎಂಬ ಲೆಕ್ಕ. ಸಾವಿರಕ್ಕೆ ಐದಾರು ಎಂದರೆ ತುಂಬ ಅಪರೂಪ. ಹಾಗಾಗಿ 'ಬೇರೆ ಮುನ್ನೂರು ಮನೆ ಕೇಳಿದ್ದರೆ ಉಲ್ಟಾ ಬರುತ್ತಿತ್ತು' ಎಂದವರ ವಾದ ಇಲ್ಲಿ ನಿಲ್ಲುವುದು ಕಷ್ಟ.

ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್ 1900ರಲ್ಲಿ ಈ ಲೆಕ್ಕ ಪ್ರಕಟಿಸಿದಾಗ ಕಂಪ್ಯೂಟರ್ ಇರಲಿಲ್ಲ. ಚೀಟಿ ಕಲಸುವ ಕೆಲಸವನ್ನು ಅವರು ಗಣಿತದ ಒಂದು ವಕ್ರರೇಖೆಯಿಂದ ಮಾಡಿ ಮುಗಿಸಿದರು. ಆ ರೇಖೆಯ ಪ್ರಕಾರ ನಮ್ಮಂಥ ನಾಲ್ಕು ಚೌಕದ ಕೋಷ್ಟಕದಲ್ಲಿ, ಸಂಬಂಧ ಇಲ್ಲದಿದ್ದರೆ, ಕೈ ಸ್ಕ್ವೇರ್ 3.84 ದಾಟುವುದು ನೂರಕ್ಕೆ ಐದು ಸಲ ಮಾತ್ರ. ವಾಡಿಕೆಯಲ್ಲಿ ಇದನ್ನೇ ಗಡಿ ಎಂದು ಇಟ್ಟುಕೊಳ್ಳುತ್ತಾರೆ. ನಮ್ಮದು 8.33. ಪಿ ವ್ಯಾಲ್ಯೂ ಸುಮಾರು 0.004. ಚೀಟಿ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂತು, ಯಾಕೆಂದರೆ ರೇಖೆ ನುಣುಪಾಗಿದೆ, ಎಣಿಕೆ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಈ ವ್ಯತ್ಯಾಸ ಸರಿಪಡಿಸಲು ಫ್ರ್ಯಾಂಕ್ ಯೇಟ್ಸ್ 1934ರಲ್ಲಿ ಒಂದು ದಾರಿ ತೋರಿಸಿದರು. ಪ್ರತಿ ವ್ಯತ್ಯಾಸದಿಂದ ಅರ್ಧ ಕಳೆದು, 12ರ ಬದಲು 11.5 ಇಟ್ಟುಕೊಂಡು ಲೆಕ್ಕ ಮಾಡಬೇಕು. ಆಗ ಕೈ ಸ್ಕ್ವೇರ್ 7.65 ಆಗುತ್ತದೆ, ಪಿ ವ್ಯಾಲ್ಯೂ 0.006ರ ಹತ್ತಿರ. ಚೀಟಿಯ ಉತ್ತರಕ್ಕೆ ಸರಿಯಾಗಿ ಹೊಂದುತ್ತದೆ. ಆರ್ ಎಂಬ ಸಾಫ್ಟ್‌ವೇರ್ ನಾಲ್ಕು ಚೌಕದ ಕೋಷ್ಟಕಕ್ಕೆ ಕೇಳದೆಯೇ ಈ ತಿದ್ದುಪಡಿ ಹಾಕುತ್ತದೆ. ಎಕ್ಸೆಲ್ ಹಾಕುವುದಿಲ್ಲ. ಒಂದೇ ಡೇಟಾಗೆ ಇಬ್ಬರು ವಿದ್ಯಾರ್ಥಿಗಳಿಗೆ ಎರಡು ಉತ್ತರ ಬಂದು ಗಾಬರಿಯಾದರೆ ಕಾರಣ ಹೆಚ್ಚಾಗಿ ಇದೇ.

ಕೋಷ್ಟಕ ದೊಡ್ಡದಾದರೆ ಗಡಿಯೂ ಮೇಲೆ ಹೋಗುತ್ತದೆ. ಹಾರ್ಬರ್ ಲೈನನ್ನೂ ಸೇರಿಸಿ, ಓದಿನಲ್ಲಿ 'ಅಲ್ಪಸ್ವಲ್ಪ' ಎಂಬ ಉತ್ತರವನ್ನೂ ಸೇರಿಸಿದರೆ ಒಂಬತ್ತು ಚೌಕ ಆಗುತ್ತವೆ. ಚೌಕ ಜಾಸ್ತಿಯಾದರೆ ಕೂಡಿಸುವ ವ್ಯತ್ಯಾಸಗಳೂ ಜಾಸ್ತಿ, ಮೊತ್ತ ತಾನಾಗಿಯೇ ದೊಡ್ಡದಾಗುತ್ತದೆ. ಎಷ್ಟು ಚೌಕ ನಿಜವಾಗಿ ಸ್ವತಂತ್ರ ಎಂಬುದನ್ನು ನೋಡಿ ಗಡಿ ಹಾಕಬೇಕು. ಇದನ್ನೇ ಡಿಗ್ರೀಸ್ ಆಫ್ ಫ್ರೀಡಂ ಎನ್ನುವುದು. ನಮ್ಮ ನಾಲ್ಕು ಚೌಕದ ಕೋಷ್ಟಕದಲ್ಲಿ ಸಾಲು, ಕಂಬಗಳ ಮೊತ್ತ ಗೊತ್ತಿದ್ದರೆ ಒಂದು ಚೌಕ ತುಂಬಿದರೆ ಸಾಕು. 84 ಬರೆದ ಕೂಡಲೇ ಉಳಿದ ಮೂರು ತಾವಾಗಿಯೇ ನಿರ್ಧಾರವಾಗುತ್ತವೆ. ಆದ್ದರಿಂದ ಇಲ್ಲಿ ಅದು 1. ಸಾಮಾನ್ಯ ನಿಯಮ: ಸಾಲುಗಳಲ್ಲಿ ಒಂದು ಕಳೆಯಿರಿ, ಕಂಬಗಳಲ್ಲಿ ಒಂದು ಕಳೆಯಿರಿ, ಎರಡನ್ನೂ ಗುಣಿಸಿ. ಒಂಬತ್ತು ಚೌಕದ ಕೋಷ್ಟಕಕ್ಕೆ 4. ಗಡಿ 9.49.

ಇದು ಚಿಕ್ಕ ವಿಷಯ ಅನ್ನಿಸಬಹುದು. ಪಿಯರ್ಸನ್ ಅವರೇ ಇಲ್ಲಿ ಎಡವಿದ್ದರು. ನಾಲ್ಕು ಚೌಕ ಇದ್ದರೆ ಒಂದು ಕಳೆದು 3 ಎಂದು ಅವರು ಎಣಿಸುತ್ತಿದ್ದರು. ಹಾಗೆ ಎಣಿಸಿದರೆ ಗಡಿ 3.84ರ ಬದಲು 7.81 ಆಗುತ್ತದೆ. ಕೈ ಸ್ಕ್ವೇರ್ 6 ಬಂದ ಕೋಷ್ಟಕದಲ್ಲಿ ಸಂಬಂಧದ ಸುಳಿವು ಇದ್ದರೂ 'ಏನೂ ಇಲ್ಲ' ಎಂದುಬಿಡುತ್ತೇವೆ. ಸರಿಯಾದ ಎಣಿಕೆ 1 ಎಂದು 1922ರಲ್ಲಿ ತೋರಿಸಿದವರು ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್. ಪಿಯರ್ಸನ್ ಅದನ್ನು ಒಪ್ಪಲಿಲ್ಲ, ಇಬ್ಬರ ನಡುವೆ ವೈಮನಸ್ಯ ಬೆಳೆಯಿತು. ಇವತ್ತು ಎಲ್ಲರೂ ಬಳಸುವುದು ಫಿಶರ್ ಅವರ ಎಣಿಕೆಯನ್ನೇ.

ಕನ್ನಡ ನಾಡಿಗೆ ಹತ್ತಿರದ ಒಂದು ಹೆಸರೂ ಈ ಕಥೆಯಲ್ಲಿದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ 1948ರಲ್ಲಿ ಸ್ಕೋರ್ ಟೆಸ್ಟ್ ಎಂಬ ವಿಶಾಲವಾದ ವಿಧಾನ ಕೊಟ್ಟರು. ಪಿಯರ್ಸನ್ ಅವರ ಕೈ ಸ್ಕ್ವೇರ್ ಅದರೊಳಗಿನ ಒಂದು ಉದಾಹರಣೆಯಾಗಿ ಬರುತ್ತದೆ. ನಿರೀಕ್ಷಿತ ಸಂಖ್ಯೆಯಿಂದ ಭಾಗಿಸುವ ಆ ಹೆಜ್ಜೆ ಯಾರೋ ಅನುಕೂಲಕ್ಕೆ ಹಾಕಿದ್ದಲ್ಲ, ಅದರ ಹಿಂದೆ ಗಟ್ಟಿಯಾದ ತತ್ವ ಇದೆ ಎಂದು ಇದರಿಂದ ತಿಳಿಯುತ್ತದೆ.

ಮನೆಗಳ ಸಂಖ್ಯೆ ಬದಲಾದರೆ

ಈಗ ಶೇಕಡಾ ತುಂಬಬಾರದು ಎಂದಿದ್ದರ ಕಾರಣಕ್ಕೆ ಬರೋಣ. ಸಂಘ 300ರ ಬದಲು 100 ಮನೆಗಳನ್ನು ಕೇಳಿತ್ತು, ಪ್ರಮಾಣ ಹಾಗೇ ಇತ್ತು ಎನ್ನಿ. ಸೆಂಟ್ರಲ್‌ನ 60 ಮನೆಗಳಲ್ಲಿ 28, ವೆಸ್ಟರ್ನ್‌ನ 40ರಲ್ಲಿ 12. ಈಗಲೂ ಶೇ. 47 ಮತ್ತು ಶೇ. 30. ಆದರೆ ಕೈ ಸ್ಕ್ವೇರ್ ಮೂರನೇ ಒಂದು ಭಾಗಕ್ಕೆ ಇಳಿದು 2.78 ಆಗುತ್ತದೆ. 3.84ರ ಗಡಿ ದಾಟುವುದಿಲ್ಲ. ಅದೇ 3,000 ಮನೆ ಕೇಳಿದ್ದರೆ 83.3.

ಶೇಕಡಾ ಒಂದೇ, ತೀರ್ಪು ಬೇರೆ ಬೇರೆ. ಇದು ಲೆಕ್ಕದ ದೋಷ ಅಲ್ಲ. ನೂರು ಮನೆಗಳಲ್ಲಿ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವುದು ಅಷ್ಟೇನೂ ಅಪರೂಪ ಅಲ್ಲ, ಮೂರು ಸಾವಿರ ಮನೆಗಳಲ್ಲಿ ಹೆಚ್ಚುಕಡಿಮೆ ಅಸಾಧ್ಯ.

ಇದರಿಂದ ಎರಡು ವಿಷಯ ಹೊರಡುತ್ತವೆ. ಎರಡನ್ನೂ ಜನ ಮರೆಯುತ್ತಾರೆ ಎಂಬುದೇ ನನ್ನ ದೊಡ್ಡ ಚಿಂತೆ. ಮೊದಲನೆಯದು, ಗಡಿ ದಾಟದಿದ್ದರೆ ಸಂಬಂಧ ಇಲ್ಲ ಎಂದು ಸಾಬೀತಾಗುವುದಿಲ್ಲ. 100 ಮನೆಗಳ ಸಮೀಕ್ಷೆ ಹೇಳುವುದು 'ಇಷ್ಟು ಮಾಹಿತಿಯಲ್ಲಿ ಆಕಸ್ಮಿಕವನ್ನು ತಳ್ಳಿಹಾಕಲಾಗದು' ಎಂದು ಮಾತ್ರ. ಎರಡನೆಯದು, ಕೈ ಸ್ಕ್ವೇರ್ ದೊಡ್ಡದಾಗಿದೆ ಎಂದರೆ ಸಂಬಂಧ ಗಾಢವಾಗಿದೆ ಎಂದರ್ಥವಲ್ಲ. ಮನೆಗಳು ಜಾಸ್ತಿ ಇದ್ದವು ಎಂದೂ ಆಗಬಹುದು.

ಗಾಢತೆ ಬೇಕಾದರೆ ಬೇರೆ ಅಳತೆ ಇದೆ. ಕೈ ಸ್ಕ್ವೇರನ್ನು ಒಟ್ಟು ಮನೆಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 8.33ನ್ನು 300ರಿಂದ ಭಾಗಿಸಿ ಮೂಲ ತೆಗೆದರೆ 0.17. ಮನೆ 100 ಇರಲಿ, 3,000 ಇರಲಿ, ಇದು 0.17ರಲ್ಲೇ ಇರುತ್ತದೆ. ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ತಿ ಸಂಬಂಧ. ದೊಡ್ಡ ಕೋಷ್ಟಕಗಳಿಗೆ ಇದನ್ನೇ ಹೊಂದಿಸಿ ಹರಾಲ್ಡ್ ಕ್ರಾಮೇರ್ 1946ರಲ್ಲಿ ಕೊಟ್ಟ ಅಳತೆ ಕ್ರಾಮೇರ್ಸ್ ವಿ ಎಂದು ಪ್ರಸಿದ್ಧ. 0.17 ಎಂದರೆ ಸಂಬಂಧ ಇದೆ, ಆದರೆ ಹಗುರವಾದದ್ದು. 'ವೆಸ್ಟರ್ನ್ ಕಡೆ ಕನ್ನಡ ಹೋಗಿಯೇ ಬಿಟ್ಟಿದೆ' ಎನ್ನುವಷ್ಟು ಖಂಡಿತ ಅಲ್ಲ.

ಸಮಿತಿಯವರಿಗೆ ಇದಕ್ಕಿಂತಲೂ ಉಪಯೋಗದ ಸಂಖ್ಯೆ ಇನ್ನೊಂದಿದೆ. ಎರಡು ಲೈನ್‌ಗಳ ನಡುವಿನ ಅಂತರ ಸುಮಾರು 17 ಶೇಕಡಾ ಅಂಶ. ಮಾದರಿಯ, ಅಂದರೆ ನಾವು ಕೇಳಿದ ಮನೆಗಳ ಗುಂಪಿನ, ಅಲುಗಾಟ ಲೆಕ್ಕಕ್ಕೆ ತೆಗೆದುಕೊಂಡರೆ ಶೇ. 95ರ ಭರವಸೆಯಲ್ಲಿ ನಿಜವಾದ ಅಂತರ 6ರಿಂದ 28 ಅಂಶದ ನಡುವೆ ಎಲ್ಲಾದರೂ ಇರಬಹುದು. ಬರೀ ಪಿ ವ್ಯಾಲ್ಯೂ ಓದಿದಾಗ ಈ ಅಗಲ ಕಾಣುವುದೇ ಇಲ್ಲ. ಆರೂ ಇರಬಹುದು, ಇಪ್ಪತ್ತೆಂಟೂ ಇರಬಹುದು ಎಂದು ಗೊತ್ತಾದ ಮೇಲೆ ಕ್ಲಾಸಿಗೆ ಹಣ ಎತ್ತುವ ಮಾತು ಸ್ವಲ್ಪ ನಿಧಾನವಾಗುತ್ತದೆ. ಒಳ್ಳೆಯದೇ.

ಶೇ. 5ರ ಗಡಿಯ ಬಗ್ಗೆಯೂ ಒಂದು ಮಾತು. 1925ರಲ್ಲಿ ಫಿಶರ್ ಇಪ್ಪತ್ತರಲ್ಲಿ ಒಂದು ಎಂಬುದನ್ನು ಅನುಕೂಲದ ಗಡಿ ಎಂದಿದ್ದರು. ಪಿ ವ್ಯಾಲ್ಯೂ 0.049 ಬಂದರೆ ಕುಣಿದು 0.051 ಬಂದರೆ ಅಳುವಂಥದ್ದೇನೂ ಅಲ್ಲಿಲ್ಲ. 0.004 ಎಂದರೆ 'ಸಂಬಂಧ ಇಲ್ಲದಿರುವ ಸಾಧ್ಯತೆ ಸಾವಿರಕ್ಕೆ ನಾಲ್ಕು' ಎಂದೂ ಅಲ್ಲ. ಪಿ ವ್ಯಾಲ್ಯೂವನ್ನು ಹಾಗೆ ಓದಬಾರದು ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2016ರಲ್ಲಿ ಒಂದು ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ಸಂಬಂಧ ಇದೆ, ಆದರೆ ಯಾವುದರ ನಡುವೆ?

ಇಲ್ಲಿಯವರೆಗೆ ಲೆಕ್ಕ ಸರಿಯಾಗಿದೆ. ಆದರೂ ಬೊರಿವಲಿಯಲ್ಲಿ ಕ್ಲಾಸ್ ಶುರು ಮಾಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಲೇಬೇಕು. ರೈಲಿನ ಲೈನ್ ಮಕ್ಕಳಿಗೆ ಕನ್ನಡ ಕಲಿಸುತ್ತದೆಯೇ? ಇಲ್ಲ. ಹಾಗಾದರೆ ಲೈನಿನ ಹಿಂದೆ ಬೇರೆ ಏನೋ ಇದೆ.

ಅದೇ ಸಮೀಕ್ಷೆಯಲ್ಲಿ ಮೂರನೇ ಪ್ರಶ್ನೆ ಇತ್ತು ಎನ್ನಿ: ತಂದೆ ಅಥವಾ ತಾಯಿ ಕನ್ನಡ ಮಾಧ್ಯಮದಲ್ಲಿ ಓದಿದವರೇ? ಊರಿನಲ್ಲಿ ಓದಿ ಬಂದವರು ಇರಬಹುದು, ಮುಂಬೈಯಲ್ಲೇ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲೋ ಹೋಟೆಲ್ ಕೆಲಸ ಮಾಡಿಕೊಂಡು ರಾತ್ರಿ ಶಾಲೆಯಲ್ಲೋ ಓದಿದವರು ಇರಬಹುದು. ಉತ್ತರಗಳನ್ನು ಹೀಗೆ ಬೇರ್ಪಡಿಸಿ ನೋಡೋಣ.

ಮೊದಲು ಹೆತ್ತವರಲ್ಲಿ ಒಬ್ಬರಾದರೂ ಕನ್ನಡ ಮಾಧ್ಯಮದವರಾದ ಮನೆಗಳು. ಸೆಂಟ್ರಲ್‌ನಲ್ಲಿ ಇಂಥವು 120, ಅವುಗಳಲ್ಲಿ 72 ಮನೆಗಳ ಮಕ್ಕಳು ಓದುತ್ತಾರೆ. ಶೇ. 60. ವೆಸ್ಟರ್ನ್‌ನಲ್ಲಿ ಇಂಥವು 30, ಓದುವುದು 18. ಅದೂ ಶೇ. 60.

ಇನ್ನು ಇಬ್ಬರೂ ಬೇರೆ ಮಾಧ್ಯಮದಲ್ಲಿ ಓದಿದ ಮನೆಗಳು. ಸೆಂಟ್ರಲ್‌ನಲ್ಲಿ 60ರಲ್ಲಿ 12. ಶೇ. 20. ವೆಸ್ಟರ್ನ್‌ನಲ್ಲಿ 90ರಲ್ಲಿ 18. ಅದೂ ಶೇ. 20.

ಕೂಡಿಸಿ ನೋಡಿ. 72ಕ್ಕೆ 12 ಸೇರಿಸಿದರೆ 84, 18ಕ್ಕೆ 18 ಸೇರಿಸಿದರೆ 36. ಅವೇ ಹಳೆಯ ಸಂಖ್ಯೆಗಳು. ಆದರೆ ಎರಡೂ ಗುಂಪಿನ ಒಳಗೆ ಲೈನಿನಿಂದ ಒಂದಿಷ್ಟೂ ವ್ಯತ್ಯಾಸ ಇಲ್ಲ. ಎರಡು ಗುಂಪಿನಲ್ಲೂ ಕೈ ಸ್ಕ್ವೇರ್ ಪೂರ್ತಿ ಸೊನ್ನೆ! ಸೆಂಟ್ರಲ್ ಮುಂದಿದ್ದದ್ದು ಯಾಕೆಂದರೆ ಅಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹೆತ್ತವರು ಜಾಸ್ತಿ ಇದ್ದರು, ಅಷ್ಟೇ.

ಹಾಗಾದರೆ ಮೊದಲ ಪರೀಕ್ಷೆ ಸುಳ್ಳು ಹೇಳಿತೇ? ಹೇಳಲಿಲ್ಲ. ಲೈನಿಗೂ ಓದಿಗೂ ನಂಟು ನಿಜವಾಗಿಯೂ ಇದೆ. ಆದರೆ ಆ ನಂಟು ಮೂರನೆಯವರ ಮೂಲಕ ಬಂದದ್ದು. ಸಂಘ ಏನು ಮಾಡಬೇಕು ಎಂಬ ತೀರ್ಮಾನ ಇಲ್ಲಿ ಬದಲಾಗಿಬಿಡುತ್ತದೆ. ಬೊರಿವಲಿಯೋ ಡೊಂಬಿವಲಿಯೋ ಎಂದು ಜಗಳವಾಡುವುದಕ್ಕಿಂತ, ಹೆತ್ತವರಿಬ್ಬರೂ ಬೇರೆ ಮಾಧ್ಯಮದಲ್ಲಿ ಓದಿದ ಮನೆಗಳು ಎಲ್ಲಿದ್ದರೂ ಅವುಗಳ ಮಕ್ಕಳಿಗೆ ಕಲಿಸುವುದು ಮುಖ್ಯ ಎಂದಾಗುತ್ತದೆ. ಎರಡು ಪ್ರಶ್ನೆಗಳ ಕೋಷ್ಟಕ ನೋಡಿ ನಿರ್ಧಾರ ಮಾಡುವ ಯಾರಿಗೇ ಆಗಲಿ ನಾನು ಮೊದಲು ಕೇಳುವುದು ಇದನ್ನೇ: ಮೂರನೇ ಪ್ರಶ್ನೆ ಹಾಕಿ ಬೇರ್ಪಡಿಸಿ ನೋಡಿದ್ದೀರಾ?

ಲೆಕ್ಕ ಎಲ್ಲಿ ಕೈಕೊಡುತ್ತದೆ

ಪರೀಕ್ಷೆಗೆ ಕೆಲವು ಷರತ್ತುಗಳಿವೆ. ಮುಖ್ಯವಾದದ್ದು, ಒಂದು ಉತ್ತರ ಒಂದೇ ಚೌಕದಲ್ಲಿ, ಒಂದೇ ಸಲ ಬರಬೇಕು. 'ನೀವು ಯಾವ ಯಾವ ಭಾಷೆಯ ಪತ್ರಿಕೆ ಓದುತ್ತೀರಿ, ಎಲ್ಲಕ್ಕೂ ಟಿಕ್ ಹಾಕಿ' ಎಂಬ ಪ್ರಶ್ನೆಯಲ್ಲಿ ಒಬ್ಬರೇ ಕನ್ನಡ, ಮರಾಠಿ, ಇಂಗ್ಲಿಷ್ ಮೂರಕ್ಕೂ ಟಿಕ್ ಹಾಕಬಹುದು. ಅದನ್ನು ಹಾಗೇ ಕೋಷ್ಟಕಕ್ಕೆ ಸುರಿದರೆ ಒಬ್ಬರು ಮೂವರಾಗುತ್ತಾರೆ. ಪ್ರತಿ ಭಾಷೆಯನ್ನೂ ಬೇರೆ ಬೇರೆ ಹೌದು-ಇಲ್ಲ ಪ್ರಶ್ನೆಯಾಗಿ ಮಾಡಿಕೊಳ್ಳಬೇಕು. ಒಂದೇ ಮನೆಯ ಮೂರು ಮಕ್ಕಳನ್ನು ಮೂರು ಉತ್ತರ ಎಂದು ಎಣಿಸುವುದೂ ಇಂಥದ್ದೇ. ಅಣ್ಣ ಓದಿದರೆ ತಂಗಿಯೂ ಓದುವ ಸಂಭವ ಜಾಸ್ತಿ. ಅದಕ್ಕೇ ನಾನು ಮೇಲೆ ಮಕ್ಕಳ ಬದಲು ಮನೆಗಳನ್ನು ಎಣಿಸಿದ್ದು.

ಕ್ಲಾಸಿಗೆ ಮೊದಲು ಮತ್ತು ಕ್ಲಾಸಿನ ನಂತರ ಅದೇ ಮಕ್ಕಳನ್ನು ಕೇಳಿದ್ದರೆ ಕೈ ಸ್ಕ್ವೇರ್ ಬೇಡ. ಅದಕ್ಕೆ ಮ್ಯಾಕ್‌ನೆಮಾರ್ ಪರೀಕ್ಷೆ ಇದೆ.

ಚಿಕ್ಕ ಎಣಿಕೆಗಳಲ್ಲಿ ವಕ್ರರೇಖೆ ಸರಿಯಾಗಿ ಹೊಂದುವುದಿಲ್ಲ. ವಿಲಿಯಂ ಕಾಕ್ರನ್ 1954ರಲ್ಲಿ ಕೊಟ್ಟ ಸಲಹೆಯನ್ನು ಈಗಲೂ ಪಾಲಿಸುತ್ತಾರೆ: ಯಾವ ಚೌಕದಲ್ಲೂ ನಿರೀಕ್ಷಿತ ಸಂಖ್ಯೆ 1ಕ್ಕಿಂತ ಕಡಿಮೆ ಇರಬಾರದು, ಐದರಲ್ಲಿ ಒಂದಕ್ಕಿಂತ ಜಾಸ್ತಿ ಚೌಕಗಳಲ್ಲಿ ಅದು 5ಕ್ಕಿಂತ ಕೆಳಗೆ ಹೋಗಬಾರದು. ನೋಡಬೇಕಾದದ್ದು ನಿರೀಕ್ಷಿತ ಸಂಖ್ಯೆ, ಕಂಡ ಸಂಖ್ಯೆ ಅಲ್ಲ. ಕಂಡದ್ದು ಸೊನ್ನೆ ಇದ್ದರೂ ತೊಂದರೆ ಇಲ್ಲ. ಷರತ್ತು ಮುರಿದರೆ ಫಿಶರ್ಸ್ ಎಕ್ಸಾಕ್ಟ್ ಟೆಸ್ಟ್ ಬಳಸಿ. ಅದು ರೇಖೆಯ ಸಹಾಯ ಇಲ್ಲದೆ, ಚೀಟಿಗಳು ಎಷ್ಟು ರೀತಿಯಲ್ಲಿ ಬೀಳಬಹುದು ಎಂಬುದನ್ನೇ ಎಣಿಸಿಬಿಡುತ್ತದೆ. ಇಲ್ಲವೇ ಗುಂಪುಗಳನ್ನು ಸೇರಿಸಬಹುದು. ಒಂದೇ ಕಡೆಯ ಮೀರಾರೋಡ್, ವಸಾಯಿ, ವಿರಾರ್ ಮೂರನ್ನೂ ಒಂದು ಮಾಡುವುದಕ್ಕೆ ಅರ್ಥವಿದೆ. ಉತ್ತರ ಚೆನ್ನಾಗಿ ಬರಲಿ ಎಂದು ಕುಲಾಬಾವನ್ನು ಕಲ್ಯಾಣಕ್ಕೆ ಸೇರಿಸುವುದಕ್ಕೆ ಇಲ್ಲ.

'ಚೆನ್ನಾಗಿ ಓದುತ್ತಾರೆ, ಅಲ್ಪಸ್ವಲ್ಪ, ಇಲ್ಲ' ಎಂಬಂಥ ಉತ್ತರಗಳಲ್ಲಿ ಒಂದು ಕ್ರಮ ಇದೆ. ಕೈ ಸ್ಕ್ವೇರ್ ಆ ಕ್ರಮವನ್ನು ನೋಡುವುದಿಲ್ಲ. ಕಂಬಗಳನ್ನು ಅದಲುಬದಲು ಮಾಡಿದರೂ ಅದೇ ಉತ್ತರ ಕೊಡುತ್ತದೆ. ಕ್ರಮ ಮುಖ್ಯವಾದಲ್ಲಿ ಟ್ರೆಂಡ್ ಪರೀಕ್ಷೆಗಳು ಜಾಸ್ತಿ ಸೂಕ್ಷ್ಮವಾಗಿ ಹಿಡಿಯುತ್ತವೆ.

ದೊಡ್ಡ ಕೋಷ್ಟಕ ಗಡಿ ದಾಟಿದಾಗ ಯಾವ ಚೌಕದಿಂದ ಹಾಗಾಯಿತು ಎಂದೂ ಹುಡುಕಬೇಕು. ಕಂಡದ್ದರಿಂದ ನಿರೀಕ್ಷಿತವನ್ನು ಕಳೆದು, ನಿರೀಕ್ಷಿತದ ವರ್ಗಮೂಲದಿಂದ ಭಾಗಿಸಿ. ಉತ್ತರ 2ಕ್ಕಿಂತ ಮೇಲೆ ಅಥವಾ ಮೈನಸ್ 2ಕ್ಕಿಂತ ಕೆಳಗೆ ಇರುವ ಚೌಕಗಳ ಮೇಲೆ ಕಣ್ಣಿಡಿ. ಒಂಬತ್ತು ಚೌಕಗಳಲ್ಲಿ ಎಂಟು ತೆಪ್ಪಗಿದ್ದು, ಹಾರ್ಬರ್ ಲೈನಿನ ಒಂದೇ ಚೌಕ ಎಲ್ಲ ಗದ್ದಲ ಎಬ್ಬಿಸಿರುವುದೂ ಉಂಟು.

ಇಪ್ಪತ್ತು ಪ್ರಶ್ನೆಗಳ ಸಮೀಕ್ಷೆಯಲ್ಲಿ ಎರಡೆರಡು ಪ್ರಶ್ನೆಗಳ ಜೋಡಿ 190 ಆಗುತ್ತವೆ. ಯಾವುದಕ್ಕೂ ಯಾವುದಕ್ಕೂ ಸಂಬಂಧ ಇಲ್ಲದಿದ್ದರೂ, ಶೇ. 5ರ ಗಡಿ ಇಟ್ಟರೆ ಒಂಬತ್ತು-ಹತ್ತು ಜೋಡಿಗಳು ಸುಮ್ನೆ ಗಡಿ ದಾಟಿಬಿಡುತ್ತವೆ. ಆ ಹತ್ತನ್ನು ಮಾತ್ರ ಆರಿಸಿ ವರದಿಯಲ್ಲಿ ಹಾಕಿದರೆ ಓದುವವರಿಗೆ ದೊಡ್ಡ ಸಂಶೋಧನೆಯಂತೆ ಕಾಣುತ್ತದೆ. ಯಾವ ಜೋಡಿಗಳನ್ನು ಪರೀಕ್ಷಿಸುತ್ತೇವೆ ಎಂದು ಫಾರ್ಮ್ ಕಳಿಸುವ ಮೊದಲೇ ಬರೆದಿಡಬೇಕು. ಎಲ್ಲವನ್ನೂ ನೋಡಲೇಬೇಕಾದರೆ ಗಡಿಯನ್ನು 190ರಿಂದ ಭಾಗಿಸಿ ಬಿಗಿ ಮಾಡಬೇಕು. 0.05 ಆಗ 0.00026 ಆಗುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಮಾದರಿಯ ಪ್ರಶ್ನೆ. ರಾಜ್ಯೋತ್ಸವಕ್ಕೆ ಬಂದವರ ಕೈಗೆ ಫಾರ್ಮ್ ಕೊಟ್ಟರೆ, ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕಿದರೆ, ಉತ್ತರ ಕೊಡುವವರು ಕನ್ನಡದ ಬಗ್ಗೆ ಮೊದಲೇ ಕಾಳಜಿ ಇರುವವರು. ಸಂಘದ ಕಡೆ ತಲೆಯೂ ಹಾಕದ ಮನೆಗಳು ಅದರಲ್ಲಿ ಇಲ್ಲವೇ ಇಲ್ಲ. ಚೀಟಿಗಳೆಲ್ಲ ಒಂದೇ ಡಬ್ಬಿಯಿಂದ, ಕಣ್ಣು ಮುಚ್ಚಿ ತೆಗೆದವು ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆ. ಆ ನಂಬಿಕೆ ಮುರಿದರೆ ಯಾವ ಸಾಫ್ಟ್‌ವೇರೂ ಅದನ್ನು ಜೋಡಿಸಿಕೊಡುವುದಿಲ್ಲ. ಸದಸ್ಯರ ಪಟ್ಟಿಯಿಂದ ಚೀಟಿ ಎತ್ತಿ 300 ಮನೆ ಆರಿಸಿ, ಫೋನ್ ಮಾಡಿ ಕೇಳುವುದು ಕಷ್ಟದ ಕೆಲಸ. ಆದರೂ ಲಿಂಕ್ ಒತ್ತಿದ 3,000 ಉತ್ತರಗಳಿಗಿಂತ ಅದೇ ಮೇಲು ಎಂದು ನಾನು ಹೇಳುತ್ತೇನೆ.

ದೊಡ್ಡ ಸರ್ಕಾರಿ ಸಮೀಕ್ಷೆಗಳಲ್ಲಿ ಬೇರೊಂದು ತೊಡಕು ಇದೆ. ಮುಂಬೈಯ ದೇವನಾರದಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1992-93ರಿಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುತ್ತಾ ಬಂದಿದೆ. ಅಲ್ಲಿ ಮೊದಲು ಹಳ್ಳಿಗಳನ್ನೂ ನಗರದ ಬ್ಲಾಕ್‌ಗಳನ್ನೂ ಆರಿಸಿ, ಆಮೇಲೆ ಅವುಗಳ ಒಳಗಿನ ಮನೆಗಳನ್ನು ಆರಿಸುತ್ತಾರೆ. ಅಕ್ಕಪಕ್ಕದ ಮನೆಗಳ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಸಾವಿರ ಮನೆಗಳಿಂದ ಸಾವಿರ ಸ್ವತಂತ್ರ ಮನೆಗಳಷ್ಟು ಮಾಹಿತಿ ಸಿಗುವುದಿಲ್ಲ. ಸಾಮಾನ್ಯ ಕೈ ಸ್ಕ್ವೇರ್ ಹಾಕಿದರೆ ಇಲ್ಲದ ಸಂಬಂಧವೂ ಇದ್ದಂತೆ ಕಾಣುತ್ತದೆ. ಇದಕ್ಕಾಗಿ ಜೆ. ಎನ್. ಕೆ. ರಾವ್ ಮತ್ತು ಅಲಸ್ಟೇರ್ ಸ್ಕಾಟ್ 1980ರ ದಶಕದ ಆರಂಭದಲ್ಲಿ ಒಂದು ತಿದ್ದುಪಡಿ ಕೊಟ್ಟರು. ಆ ಡೇಟಾ ಇಳಿಸಿಕೊಂಡು ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ರಾವ್-ಸ್ಕಾಟ್ ಆಯ್ಕೆಯನ್ನೇ ಬಳಸಬೇಕು. ಆರ್‌ನ ಸರ್ವೇ ಪ್ಯಾಕೇಜ್‌ನಲ್ಲಿ ಅದು ಸಿಗುತ್ತದೆ.

ಇನ್ನು ಸಂಘದ ವರದಿಯಲ್ಲಿ ಏನು ಬರೆಯಬೇಕು? 'ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ, ಆದ್ದರಿಂದ ಸಂಬಂಧ ಸಾಬೀತಾಗಿದೆ' ಎಂದು ಒಂದು ಸಾಲು ಬರೆದರೆ ಏನೂ ಹೇಳಿದಂತಾಗಲಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: 'ಸೆಂಟ್ರಲ್ ಲೈನಿನ 180 ಮನೆಗಳಲ್ಲಿ 84, ವೆಸ್ಟರ್ನ್ ಲೈನಿನ 120 ಮನೆಗಳಲ್ಲಿ 36 ಕಡೆ ಮಕ್ಕಳು ಕನ್ನಡ ಓದುತ್ತಾರೆ. ಅಂತರ 17 ಅಂಶ, ನಿಜವಾದ ಅಂತರ 6ರಿಂದ 28ರ ನಡುವೆ ಇರಬಹುದು. ಕೈ ಸ್ಕ್ವೇರ್ 8.33, ಡಿಗ್ರೀಸ್ ಆಫ್ ಫ್ರೀಡಂ 1, ಪಿ ವ್ಯಾಲ್ಯೂ 0.004. ಹೆತ್ತವರ ಶಿಕ್ಷಣ ಮಾಧ್ಯಮದ ಪ್ರಕಾರ ಬೇರ್ಪಡಿಸಿದಾಗ ಎರಡು ಲೈನ್‌ಗಳ ನಡುವೆ ಅಂತರ ಉಳಿಯುವುದಿಲ್ಲ.' ಜೊತೆಗೆ ಆ ಕೋಷ್ಟಕಗಳನ್ನೂ, ಮನೆಗಳನ್ನು ಹೇಗೆ ಆರಿಸಿದೆವು, ಎಷ್ಟು ಮನೆಯವರು ಉತ್ತರ ಕೊಡಲಿಲ್ಲ ಎಂಬುದನ್ನೂ ಅದೇ ಪುಟದಲ್ಲಿ ಹಾಕುತ್ತೇನೆ. ಅನುಮಾನ ಬಂದ ಯಾರು ಬೇಕಾದರೂ ಕಾಗದ ಪೆನ್ನು ತೆಗೆದುಕೊಂಡು ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಬಹುದು.